1863ರ ಜುಲೈ: ಗೆಟ್ಟಿಸ್‌ಬರ್ಗ್ ಬಿಟ್ಟು ಆ ತಿಂಗಳು ಇನ್ನೇನೇನು ನಡೆಯಿತು?

ಎರೆಭೂಮಿ

ಗುಲಾಮಗಿರಿ ಬಿಡಲ್ಲ ಅಂತ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಮಾತು ಬಂದಾಗಲೆಲ್ಲ 1863ರ ಜುಲೈ ಅಂದರೆ ಗೆಟ್ಟಿಸ್‌ಬರ್ಗ್, ಅಲ್ಲಿಗೆ ಮುಗೀತು. ಜುಲೈ 1ರಿಂದ 3ರವರೆಗೆ ಮೂರು ದಿನದ ಕಾಳಗ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಎರಡೂ ಕಡೆ ಸುಮಾರು 50 ಸಾವಿರ. ದೊಡ್ಡ ಯುದ್ಧವೇ, ಎರಡು ಮಾತಿಲ್ಲ.

ಆದರೆ ಉಳಿದ 28 ದಿನ? ಅದೇ ತಿಂಗಳು ಜಪಾನಿನ ಜಲಸಂಧಿಯೊಂದರಲ್ಲಿ ಅಮೆರಿಕದ ಯುದ್ಧನೌಕೆ ಫಿರಂಗಿ ಹಾರಿಸಿತು. ಮೆಕ್ಸಿಕೋದಲ್ಲಿ ಒಂದು ಸಭೆ ಸೇರಿ ನಮಗೆ ಚಕ್ರವರ್ತಿ ಬೇಕು ಅಂತ ತೀರ್ಮಾನ ಮಾಡಿತು. ನ್ಯೂಜಿಲೆಂಡಿನಲ್ಲಿ ಬ್ರಿಟಿಷ್ ಸೈನ್ಯ ಒಂದು ಹಳ್ಳ ದಾಟಿ ಮಾವೋರಿಗಳ ನೆಲಕ್ಕೆ ನುಗ್ಗಿತು. ಡಚ್ಚರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದರು.

ಇವೆಲ್ಲ ಸುಮ್ನೆ ಒಂದೇ ತಿಂಗಳಲ್ಲಿ ಬಿದ್ದವಾ, ಇಲ್ಲ ಒಳಗೊಳಗೇ ಕೊಂಡಿ ಇದೆಯಾ? ಅರ್ಧದಷ್ಟಕ್ಕಾದರೂ ಕೊಂಡಿ ಇದೆ ಅನ್ನೋದು ನನ್ನ ವಾದ. ಗೊತ್ತಿರುವವರು ಬರೆಯಿರಿ. ತಿಂಗಳ ಆಚೆಗೆ ಹೋಗಬೇಕಾದರೆ ಹೋಗಿ, ಆದರೆ ತಿರುಗಿ ಜುಲೈಗೆ ಬನ್ನಿ.

ಮಿಸಿಸಿಪ್ಪಿ ಮಾವ

ಮೊದಲು ಯುದ್ಧದ್ದೇ ಲೆಕ್ಕ ಸರಿ ಮಾಡೋಣ. ನನ್ನ ಪ್ರಕಾರ ಆ ತಿಂಗಳ ದೊಡ್ಡ ಸುದ್ದಿ ಗೆಟ್ಟಿಸ್‌ಬರ್ಗ್ ಅಲ್ಲ, ವಿಕ್ಸ್‌ಬರ್ಗ್. ಗೆಟ್ಟಿಸ್‌ಬರ್ಗಿನಲ್ಲಿ ದಕ್ಷಿಣದ ಸೇನಾಪತಿ ಲೀ ಸೋತ, ಆದರೆ ಸೈನ್ಯ ಉಳಿಸಿಕೊಂಡು ಹೋದ. ಮಳೆಗೆ ತುಂಬಿ ಹರಿಯುತ್ತಿದ್ದ ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವನು ಜುಲೈ 13ರ ರಾತ್ರಿ ದಾಟಿ ತಪ್ಪಿಸಿಕೊಂಡ. ಅದಕ್ಕೆ ಲಿಂಕನ್‌ಗೆ ಎಷ್ಟು ಸಿಟ್ಟು ಬಂತು ಅಂದರೆ 14ರಂದು ಅಲ್ಲಿ ಉತ್ತರದ ಸೈನ್ಯ ನಡೆಸಿದ್ದ ಜನರಲ್ ಮೀಡ್‌ಗೆ ಒಂದು ಖಾರದ ಪತ್ರ ಬರೆದ. ಬರೆದು ಕಳಿಸಲಿಲ್ಲ, ಇಟ್ಟುಕೊಂಡ.

ವಿಕ್ಸ್‌ಬರ್ಗಿನ ಕಥೆ ಬೇರೆ. ಮಿಸಿಸಿಪ್ಪಿ ನದಿಯ ಎತ್ತರದ ದಂಡೆಯ ಮೇಲಿನ ಊರು. ಉತ್ತರದ ಜನರಲ್ ಗ್ರಾಂಟ್ 47 ದಿನ ಮುತ್ತಿಗೆ ಹಾಕಿದ. ಊರಿನವರು ಗುಡ್ಡ ಕೊರೆದು ಗವಿಗಳಲ್ಲಿ ವಾಸ ಮಾಡಿದರು, ಹೇಸರಗತ್ತೆ ಮಾಂಸ ತಿಂದರು. ಜುಲೈ 4ರಂದು ಊರು ಕಾಯುತ್ತಿದ್ದ ದಕ್ಷಿಣದ ಜನರಲ್ ಪೆಂಬರ್ಟನ್ ಶರಣಾದ, ಅವನ ಜೊತೆ ಸುಮಾರು 29 ಸಾವಿರ ಸೈನಿಕರು. ಐದು ದಿನ ಬಿಟ್ಟು ಕೆಳಗಿನ ಪೋರ್ಟ್ ಹಡ್ಸನ್ ಕೂಡ ಬಿತ್ತು. ಅಲ್ಲಿಗೆ ನದಿ ಪೂರ್ತಿ ಉತ್ತರದವರದ್ದಾಯಿತು, ದಕ್ಷಿಣ ಎರಡು ಹೋಳಾಯಿತು.

ಒಂದು ತಮಾಷೆ ಹೇಳಿ ನಿಲ್ಲಿಸುತ್ತೇನೆ. ಊರಿನ ಪತ್ರಿಕೆ 'ಡೈಲಿ ಸಿಟಿಜನ್'ಗೆ ಕಾಗದ ಖಾಲಿಯಾಗಿ, ಗೋಡೆಗೆ ಅಂಟಿಸುವ ಹೂವಿನ ಚಿತ್ತಾರದ ಕಾಗದದ ಹಿಂಬದಿಯಲ್ಲಿ ಅಚ್ಚು ಹಾಕುತ್ತಿದ್ದರು. ಜುಲೈ 2ರ ಸಂಚಿಕೆಯಲ್ಲಿ ಸಂಪಾದಕ ಗ್ರಾಂಟ್‌ನನ್ನು ಗೇಲಿ ಮಾಡಿದ್ದ: ನಾಲ್ಕನೇ ತಾರೀಕು ಇಲ್ಲೇ ಊಟ ಅಂತಾನಂತೆ, ಮೊದಲು ಮೊಲ ಹಿಡೀಲಿ, ಆಮೇಲೆ ಅಡುಗೆ ಮಾತು. ಎರಡು ದಿನಕ್ಕೆ ಊರು ಬಿತ್ತು. ಒಳಗೆ ಬಂದ ಉತ್ತರದ ಸೈನಿಕರು ನೋಡಿದರೆ ಅಚ್ಚುಮೊಳೆ ಜೋಡಿಸಿದ್ದು ಹಾಗೇ ಇದೆ. ಕೆಳಗೆ ಒಂದು ಟಿಪ್ಪಣಿ ಸೇರಿಸಿ ಅದೇ ಸಂಚಿಕೆ ಮತ್ತೆ ಅಚ್ಚು ಹಾಕಿದರು: ಗ್ರಾಂಟ್ ಮೊಲ ಹಿಡಿದಾಯಿತು.

ಸುಮ್ನೆ ಕೇಳ್ದೆ

ಮಾವ, ಮೊಲದ ಕಥೆ ಸೂಪರ್. ನನ್ನದೊಂದು ದಡ್ಡ ಪ್ರಶ್ನೆ. ಇದೆಲ್ಲ ಲಂಡನ್‌ಗೆ, ಮುಂಬಯಿಗೆ ಯಾವಾಗ ಗೊತ್ತಾಯಿತು? ಟೆಲಿಗ್ರಾಫ್ ಇತ್ತಲ್ವಾ ಆಗ?

ನಿವೃತ್ತ ಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ ತಮ್ಮಾ, ಅಲ್ಲೇ ಇದೆ ಸ್ವಾರಸ್ಯ. ನೆಲದ ಮೇಲೆ ತಂತಿ ಇತ್ತು. ಅಟ್ಲಾಂಟಿಕ್ ಸಾಗರದಡಿ ಇರಲಿಲ್ಲ. 1858ರಲ್ಲಿ ಹಾಕಿದ ಕೇಬಲ್ ಕೆಲವೇ ವಾರಗಳಲ್ಲಿ ಕೆಟ್ಟು ಹೋಗಿತ್ತು, ಮತ್ತೆ ಗಟ್ಟಿಯಾಗಿ ಕೂತದ್ದು 1866ರಲ್ಲಿ. ನಡುವಿನ ಈ ಇಡೀ ಯುದ್ಧ ಯುರೋಪಿಗೆ ಹಡಗಿನಲ್ಲೇ ಹೋಯಿತು, ಹತ್ತು ಹನ್ನೆರಡು ದಿನ ತಡವಾಗಿ.

ಆ ತಡ ಏನು ಮಾಡಿತು ನೋಡಿ. ಜೂನ್ 30ರಂದು ಬ್ರಿಟಿಷ್ ಸಂಸತ್ತಿನಲ್ಲಿ ರೋಬಕ್ ಅನ್ನುವ ಸದಸ್ಯ, ದಕ್ಷಿಣದವರ ಸರ್ಕಾರಕ್ಕೆ ಮಾನ್ಯತೆ ಕೊಡಬೇಕು ಅಂತ ನಿರ್ಣಯ ಮಂಡಿಸಿದ. ಲೀ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದ್ದಾನೆ ಅನ್ನುವುದಷ್ಟೇ ಆಗ ಲಂಡನ್ನಿಗೆ ಗೊತ್ತಿದ್ದ ಸುದ್ದಿ. ದಕ್ಷಿಣದವರೇ ಗೆಲ್ಲುತ್ತಾರೆ ಅನ್ನುವ ಹವಾ. ಸಭೆಯಲ್ಲಿ ಬೆಂಬಲ ಸಿಗದೆ ಜುಲೈ 13ರಂದು ಅವನೇ ನಿರ್ಣಯ ವಾಪಸ್ ಪಡೆದ. ಗೆಟ್ಟಿಸ್‌ಬರ್ಗಿನ ಫಲಿತಾಂಶ ಲಂಡನ್ ಮುಟ್ಟಿದ್ದು ಅದಾದ ಮೇಲೆ! ಲೀ ಸೋತಿದ್ದಕ್ಕೆ ಬ್ರಿಟನ್ ಹಿಂದೆ ಸರಿಯಿತು ಅಂತ ಪಾಠ ಹೇಳುವವರು ಈ ತಾರೀಕುಗಳನ್ನು ಒಮ್ಮೆ ನೋಡಬೇಕು.

ಸುದ್ದಿ ಮುಟ್ಟಿದ ಮೇಲೆ ನಿಜವಾದ ಪೆಟ್ಟು ಬಿದ್ದದ್ದು ಹಣಕಾಸಿಗೆ. ಮಾರ್ಚ್‌ನಲ್ಲಿ ದಕ್ಷಿಣದವರು ಎರ್ಲಾಂಗರ್ ಬ್ಯಾಂಕಿನ ಮೂಲಕ 30 ಲಕ್ಷ ಪೌಂಡಿನ ಬಾಂಡ್ ಮಾರಿದ್ದರು. ಅಡಮಾನ ಏನು ಅಂದರೆ ಹತ್ತಿ. ವಿಕ್ಸ್‌ಬರ್ಗ್ ಸುದ್ದಿ ಬಂದದ್ದೇ ಆ ಬಾಂಡುಗಳ ಬೆಲೆ ಕುಸಿಯಿತು.

ರಾಟರ್‌ಡ್ಯಾಮ್ ರಾಗಿಮುದ್ದೆ

ಡಚ್ ವಿಷಯ ನಾನು ಹೇಳುತ್ತೇನೆ. ಜುಲೈ 1, 1863. ಗೆಟ್ಟಿಸ್‌ಬರ್ಗಿನಲ್ಲಿ ಮೊದಲ ಗುಂಡು ಹಾರಿದ ದಿನವೇ ದಕ್ಷಿಣ ಅಮೆರಿಕದ ಸುರಿನಾಮ್ ಮತ್ತು ಕೆರಿಬಿಯನ್ ದ್ವೀಪಗಳಲ್ಲಿ ಡಚ್ ಸರ್ಕಾರ ಗುಲಾಮಗಿರಿ ಕೊನೆಗೊಳಿಸಿತು. ಸುರಿನಾಮಿನಲ್ಲೇ ಸುಮಾರು 33 ಸಾವಿರ ಜನ, ದ್ವೀಪಗಳಲ್ಲಿ ಸುಮಾರು 12 ಸಾವಿರ.

ಬಿಡುಗಡೆ ಅಂದ ತಕ್ಷಣ ಖುಷಿ ಪಡಬೇಡಿ. ಪರಿಹಾರ ಕೊಟ್ಟದ್ದು ಮಾಲೀಕರಿಗೆ. ಸುರಿನಾಮಿನಲ್ಲಿ ತಲೆಗೆ 300 ಗಿಲ್ಡರ್. ಬಿಡುಗಡೆಯಾದವರಿಗೆ ಏನೂ ಇಲ್ಲ, ಮೇಲಾಗಿ ಇನ್ನೂ ಹತ್ತು ವರ್ಷ ಸರ್ಕಾರದ ಕಣ್ಗಾವಲಿನಲ್ಲಿ ತೋಟಗಳಲ್ಲೇ ಕರಾರಿನ ಮೇಲೆ ದುಡಿಯಬೇಕು. ಹಾಗಾಗಿ ನಿಜವಾದ ಬಿಡುಗಡೆ 1873ರಲ್ಲಿ ಅಂತ ಇಲ್ಲಿನ ಸುರಿನಾಮಿ ಗೆಳೆಯರು ಹೇಳುತ್ತಾರೆ. ಆ ಹತ್ತು ವರ್ಷ ಮುಗಿಯುವ ಹೊತ್ತಿಗೆ ತೋಟಗಳಿಗೆ ಹೊಸ ಕೂಲಿಗಳನ್ನು ಎಲ್ಲಿಂದ ತಂದರು ಗೊತ್ತಲ್ವಾ? ನಮ್ಮ ದೇಶದಿಂದ. ಕಲ್ಕತ್ತಾದಿಂದ ಹೊರಟ 'ಲಲ್ಲಾ ರೂಖ್' ಹಡಗು 1873ರ ಜೂನ್ 5ರಂದು ಪರಮಾರಿಬೋ ಮುಟ್ಟಿತು.

ಜುಲೈ 1 ಇಲ್ಲಿ ಈಗಲೂ ಕೇಟಿ ಕೋಟಿ ಹಬ್ಬ. 2023ರ ಅದೇ ದಿನ ರಾಜ ವಿಲ್ಲೆಮ್ ಅಲೆಕ್ಸಾಂಡರ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಸುಮ್ನೆ ಕೇಳ್ದೆ

ಮಾಲೀಕರಿಗೆ ಪರಿಹಾರ! ಓದಿ ತಲೆ ಕೆಟ್ಟುಹೋಯ್ತು. ಅಮೆರಿಕದಲ್ಲಿ ಅದಕ್ಕೇ ತಾನೇ ಆರು ಲಕ್ಷ ಜನ ಸತ್ತಿದ್ದು?

ಮಿಸಿಸಿಪ್ಪಿ ಮಾವ

ಉತ್ತರದವರೆಲ್ಲ ಗುಲಾಮಗಿರಿ ವಿರುದ್ಧ ಒಗ್ಗಟ್ಟಾಗಿದ್ದರು ಅಂದುಕೊಂಡಿದ್ದರೆ ಅದೇ ಜುಲೈ 13ರ ನ್ಯೂಯಾರ್ಕ್ ನೋಡು.

ಕಡ್ಡಾಯ ಸೇನಾ ಭರ್ತಿಗೆ ಚೀಟಿ ಎತ್ತಿದರು. ಹೆಸರು ಬಂದವನು 300 ಡಾಲರ್ ಕಟ್ಟಿದರೆ ಹೋಗಬೇಕಿಲ್ಲ. ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ಗಳಿಕೆ. ಬಡವರು, ಅದರಲ್ಲೂ ಐರ್ಲೆಂಡಿನಿಂದ ಬಂದವರು, ರೊಚ್ಚಿಗೆದ್ದರು. ಅಲ್ಲಿಯವರೆಗೆ ಸಿಟ್ಟು ನ್ಯಾಯವಾದದ್ದೇ. ಆಮೇಲೆ ಅದು ತಿರುಗಿದ್ದು ಕಪ್ಪು ಜನರ ಮೇಲೆ. ಬೀದಿದೀಪದ ಕಂಬಗಳಿಗೆ ನೇಣು ಹಾಕಿದರು. ಫಿಫ್ತ್ ಅವೆನ್ಯೂನಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಒಳಗೆ 200ಕ್ಕೂ ಹೆಚ್ಚು ಮಕ್ಕಳಿದ್ದರು, ಸಿಬ್ಬಂದಿ ಹಿಂಬಾಗಿಲಿಂದ ಕರೆದೊಯ್ದು ಉಳಿಸಿದರು. ನಾಲ್ಕು ದಿನದ ಗಲಭೆಯಲ್ಲಿ ಸುಮಾರು 120 ಜನ ಸತ್ತರು ಅನ್ನುವುದು ಸಾಮಾನ್ಯವಾಗಿ ಒಪ್ಪುವ ಲೆಕ್ಕ. ಗಲಭೆ ಅಡಗಿಸಲು ಗೆಟ್ಟಿಸ್‌ಬರ್ಗ್ ಕಡೆಯಿಂದಲೇ ಪಡೆಗಳನ್ನು ಕರೆಸಬೇಕಾಯಿತು.

ಗಲಭೆ ತಣ್ಣಗಾದ ಎರಡು ದಿನಕ್ಕೆ, 18ರಂದು, ದಕ್ಷಿಣ ಕೆರೊಲಿನಾದ ಫೋರ್ಟ್ ವ್ಯಾಗ್ನರ್ ಮೇಲೆ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಮುನ್ನುಗ್ಗಿತು. ಕಪ್ಪು ಸೈನಿಕರ ದಳ. ಕೋಟೆ ಸಿಗಲಿಲ್ಲ. ಕರ್ನಲ್ ಶಾ ಅಲ್ಲೇ ಸತ್ತ. ಗಾಯಗೊಂಡರೂ ಬಾವುಟ ನೆಲಕ್ಕೆ ತಾಗಲು ಬಿಡದ ಸಾರ್ಜೆಂಟ್ ಕಾರ್ನಿಗೆ ಪದಕ ಸಿಕ್ಕಿದ್ದು 1900ರಲ್ಲಿ. 37 ವರ್ಷ ಕಾಯಿಸಿದರು.

ಎರೆಭೂಮಿ

ಈಗ ನನ್ನ ಕೊಂಡಿಯ ವಾದ. ಅಮೆರಿಕ ತನ್ನ ಮನೆ ಜಗಳದಲ್ಲಿ ಮುಳುಗಿತ್ತು, ಆ ಸಂದು ನೋಡಿ ಬೇರೆಯವರು ಕೈ ಹಾಕಿದರು.

ಮೆಕ್ಸಿಕೋ ಅದಕ್ಕೆ ಸ್ಪಷ್ಟ ಉದಾಹರಣೆ. ಸಾಲ ವಸೂಲಿ ಅಂತ ನೆಪ ಹೇಳಿ ಬಂದ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಸೈನ್ಯ ಮೇನಲ್ಲಿ ಪ್ಯೂಬ್ಲಾ ಹಿಡಿದು, ಜೂನ್‌ನಲ್ಲಿ ರಾಜಧಾನಿಗೆ ಬಂತು. ಜುಲೈ 10ರಂದು ಫ್ರೆಂಚರ ನೆರಳಿನಲ್ಲಿ ಕೂಡಿದ 'ಗಣ್ಯರ ಸಭೆ' ಗಣರಾಜ್ಯ ಬೇಡ, ಸಾಮ್ರಾಜ್ಯ ಬೇಕು ಅಂದಿತು. ಸಿಂಹಾಸನ ಯಾರಿಗೆ? ಆಸ್ಟ್ರಿಯಾದ ರಾಜವಂಶದ ಮ್ಯಾಕ್ಸಿಮಿಲಿಯನ್‌ಗೆ! ಚುನಾಯಿತ ಅಧ್ಯಕ್ಷ ಹ್ವಾರೆಸ್ ಉತ್ತರಕ್ಕೆ ಸರಿದು ಅಲ್ಲಿಂದಲೇ ಸರ್ಕಾರ ನಡೆಸುತ್ತಿದ್ದ. ಈ ಖಂಡದಲ್ಲಿ ಯುರೋಪಿನವರು ಕೈ ಹಾಕಬಾರದು ಅಂತ 1823ರಿಂದ ಹೇಳುತ್ತಿದ್ದ ಅಮೆರಿಕ ಆಗ ಗೊಣಗುವುದು ಬಿಟ್ಟು ಬೇರೇನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಯುದ್ಧ ಮುಗಿದ ಮೇಲೆ ದನಿ ಗಟ್ಟಿಯಾಯಿತು, ಫ್ರೆಂಚರು ಹೊರಟರು, 1867ರ ಜೂನ್‌ನಲ್ಲಿ ಮ್ಯಾಕ್ಸಿಮಿಲಿಯನ್‌ನನ್ನು ಗುಂಡಿಟ್ಟು ಕೊಂದರು.

ಜಪಾನಿನದ್ದೂ ಹಾಗೇ ಸೇರುತ್ತದೆ. ಯುಎಸ್‌ಎಸ್ ವಯೋಮಿಂಗ್ ನೌಕೆ ಏಷ್ಯಾದ ಕಡಲಿಗೆ ಬಂದದ್ದೇ ದಕ್ಷಿಣದವರ ದಾಳಿ ಹಡಗು 'ಅಲಬಾಮಾ'ವನ್ನು ಹುಡುಕಿಕೊಂಡು. ಅದು ಯೊಕೊಹಾಮಾದಲ್ಲಿದ್ದಾಗ, ಚೋಶೂ ಪ್ರಾಂತ್ಯದವರು ಶಿಮೊನೊಸೆಕಿ ಜಲಸಂಧಿಯಲ್ಲಿ ಅಮೆರಿಕದ ವ್ಯಾಪಾರಿ ಹಡಗಿಗೆ ಗುಂಡು ಹೊಡೆದರು ಅಂತ ಸುದ್ದಿ ಬಂತು. ಕಮಾಂಡರ್ ಮ್ಯಾಕ್‌ಡೂಗಲ್ ನೇರ ಅಲ್ಲಿಗೆ ಹೋಗಿ ಜುಲೈ 16ರಂದು ಒಬ್ಬನೇ ನುಗ್ಗಿದ. ದಂಡೆಯ ಫಿರಂಗಿಗಳ ನಡುವೆಯೇ ಚೋಶೂದವರ ಎರಡು ಹಡಗು ಮುಳುಗಿಸಿ ಬಂದ. ಆ ಹಡಗುಗಳು ಪಶ್ಚಿಮದವರಿಂದಲೇ ಕೊಂಡವು, ಅದು ಬೇರೆ. ನಾಲ್ಕು ದಿನಕ್ಕೆ ಫ್ರೆಂಚರೂ ಹೋಗಿ ಬಡಿದರು.

ನಿವೃತ್ತ ಮೇಷ್ಟ್ರು

ಮೆಕ್ಸಿಕೋ ಒಪ್ಪಿದೆ. ಜಪಾನ್ ಒಪ್ಪಲ್ಲ.

ವಯೋಮಿಂಗ್ ಅಲ್ಲಿ ಇದ್ದದ್ದು ಅಂತರ್ಯುದ್ಧದಿಂದ, ಸರಿ. ಆದರೆ ಗುಂಡು ಹಾರಿದ್ದು ಯಾಕೆ? ವಿದೇಶಿಯರನ್ನು ಓಡಿಸಿ ಅಂತ ಕೋಮೆಯ್ ಚಕ್ರವರ್ತಿ ಹೊರಡಿಸಿದ ಆಜ್ಞೆ, ಅದಕ್ಕೆ ಕೊಟ್ಟ ಗಡುವು ಜೂನ್ 25. ಚೋಶೂದವರು ಅದೇ ದಿನ ಶುರು ಮಾಡಿದರು. ಅಮೆರಿಕದ ಹಡಗಿಗಷ್ಟೇ ಅಲ್ಲ, ಫ್ರೆಂಚ್, ಡಚ್ ಹಡಗಿಗೂ ಹೊಡೆದರು. ಲಿಂಕನ್ ಚುನಾವಣೆಯಲ್ಲಿ ಸೋತಿದ್ದರೂ ಇದು ನಡೆಯುತ್ತಿತ್ತು. ಅದು ನಿಜವಾಗಿ ಆಳುತ್ತಿದ್ದ ಸೇನಾಧಿಪತಿ ಶೋಗನ್ ಮತ್ತು ಚಕ್ರವರ್ತಿಯ ನಡುವಿನ ಎಳೆದಾಟ. ಐದು ವರ್ಷಕ್ಕೆ ಅವರಲ್ಲೂ ಅಂತರ್ಯುದ್ಧವೇ ಆಯಿತು, ಗೆದ್ದವರಲ್ಲಿ ಇದೇ ಚೋಶೂದವರಿದ್ದರು.

ಪೋಲೆಂಡ್ ಯಾರೂ ಹೇಳಲಿಲ್ಲ. ಜನವರಿಯಲ್ಲಿ ರಷ್ಯದ ವಿರುದ್ಧ ಎದ್ದ ದಂಗೆ ಜುಲೈನಲ್ಲೂ ಉರಿಯುತ್ತಿತ್ತು. ಬ್ರಿಟನ್, ಫ್ರಾನ್ಸ್, ಆಸ್ಟ್ರಿಯಾ ಸೇರಿ ಪೋಲರಿಗೆ ಸ್ವಾಯತ್ತತೆ ಕೊಡಿ ಅಂತ ಪತ್ರ ಬರೆದವು. ರಷ್ಯದ ವಿದೇಶಾಂಗ ಸಚಿವ ಗೊರ್ಚಕೋವ್ ಜುಲೈನಲ್ಲಿ ಅದನ್ನು ನಯವಾಗಿ ತಳ್ಳಿಹಾಕಿದ. ವಿಲ್ನಾದಲ್ಲಿ ರಷ್ಯದ ಗವರ್ನರ್ ಮುರವ್ಯೋವ್ ದಂಗೆಕೋರರನ್ನು ನೇಣು ಹಾಕುತ್ತಲೇ ಇದ್ದ. ಯುದ್ಧವಾದರೆ ತನ್ನ ನೌಕಾಪಡೆ ಬಾಲ್ಟಿಕ್ ಒಳಗೇ ಸಿಕ್ಕಿಬೀಳುತ್ತದೆ ಅಂತ ರಷ್ಯ ಅದನ್ನು ನ್ಯೂಯಾರ್ಕಿಗೆ ಕಳಿಸಿತು. ಸೆಪ್ಟೆಂಬರ್‌ನಲ್ಲಿ ಬಂದ ಆ ಹಡಗುಗಳನ್ನು ನೋಡಿ ನ್ಯೂಯಾರ್ಕಿನವರು ರಷ್ಯ ನಮ್ಮ ಬೆಂಬಲಕ್ಕೆ ಬಂತು ಅಂತ ಔತಣ ಕೊಟ್ಟರು. ಇದು ಕೊಂಡಿಯೇ, ಆದರೆ ಎರೆಭೂಮಿಯವರು ಹೇಳುವ ದಿಕ್ಕಿನಲ್ಲಿ ಅಲ್ಲ.

ಇನ್ನೊಂದು. ಆ ಹೊತ್ತಿನ ದೊಡ್ಡ ಅಂತರ್ಯುದ್ಧ ಅಮೆರಿಕದ್ದೇ ಅಲ್ಲ. ಚೀನಾದ ರಾಜಮನೆತನದ ವಿರುದ್ಧ ದಂಗೆ ಎದ್ದವರ ತೈಪಿಂಗ್ ಯುದ್ಧ. 1850ರ ಸುಮಾರಿಗೆ ಶುರುವಾದದ್ದು, 1863ರಲ್ಲಿ ಕೊನೆಯ ಘಟ್ಟದಲ್ಲಿತ್ತು. ಸತ್ತವರು 2 ಕೋಟಿಗೂ ಹೆಚ್ಚು ಅಂತ ಅಂದಾಜು. ಅಲ್ಲೂ ಒಬ್ಬ ಅಮೆರಿಕನ್ ವಾರ್ಡ್ ಅನ್ನುವವನು ಚೀನಾ ಸರ್ಕಾರದ ಪರ ಕೂಲಿ ಪಡೆ ಕಟ್ಟಿ 1862ರಲ್ಲಿ ಸತ್ತ, 1863ರಿಂದ ಅದರ ದಂಡನಾಯಕ ಬ್ರಿಟಿಷ್ ಅಧಿಕಾರಿ ಗಾರ್ಡನ್. ದಂಗೆಕೋರರ ರಾಜಧಾನಿ ನಾಂಜಿಂಗ್ ಬಿದ್ದದ್ದು 1864ರ ಜುಲೈನಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು.

ಆಕ್ಲೆಂಡ್ ಅಕ್ಕ

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಓಟು. ನ್ಯೂಜಿಲೆಂಡಿನದ್ದಕ್ಕೂ ಅಮೆರಿಕಕ್ಕೂ ಏನೂ ಸಂಬಂಧವಿಲ್ಲ, ಎಳೆದು ಕಟ್ಟಬೇಡಿ.

ಇಲ್ಲಿನ ಜಗಳ ನೆಲದ್ದು. ವಾಯ್ಕಾಟೊ ಕಡೆಯ ಮಾವೋರಿ ಬುಡಕಟ್ಟುಗಳು 1858ರಲ್ಲಿ ತಮಗೊಬ್ಬ ರಾಜನನ್ನು ಮಾಡಿಕೊಂಡು, ಇನ್ನು ನೆಲ ಮಾರಲ್ಲ ಅಂದರು. ಗವರ್ನರ್ ಜಾರ್ಜ್ ಗ್ರೇಗೆ ಅದು ಸಹಿಸಲಿಲ್ಲ. ಜುಲೈ 9ರಂದು ಆಕ್ಲೆಂಡಿನ ದಕ್ಷಿಣಕ್ಕಿದ್ದ ಮಾವೋರಿಗಳಿಗೆ, ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿ, ಇಲ್ಲವೇ ಜಾಗ ಖಾಲಿ ಮಾಡಿ ಅಂದ. ಮೂರೇ ದಿನಕ್ಕೆ, 12ರಂದು, ಜನರಲ್ ಕ್ಯಾಮರನ್ನನ ಸೈನ್ಯ ಮಂಗಟಾಫಿರಿ ಹಳ್ಳ ದಾಟಿತು. ಆ ಹಳ್ಳವೇ ಗಡಿ. 17ರಂದು ಕೊಹೆರೊವಾದಲ್ಲಿ ಮೊದಲ ಕಾಳಗ. ಮರುವರ್ಷದ ಹೊತ್ತಿಗೆ ಯುದ್ಧ ಮುಗಿದು, ಆಮೇಲೆ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲು. ಯುದ್ಧ ಮಾಡದವರ ನೆಲವೂ ಹೋಯಿತು. 1995ರಲ್ಲಿ ಸರ್ಕಾರ ಒಪ್ಪಂದ ಮಾಡಿ, ಎರಡನೇ ಎಲಿಜಬೆತ್ ರಾಣಿಯೇ ಕ್ಷಮಾಪಣೆಯಿರುವ ಕಾಯ್ದೆಗೆ ಸಹಿ ಹಾಕಿದರು.

ಆ ಸೈನ್ಯಕ್ಕೆ ಅಂತ ಕಡಿದ ದಾರಿ ಗ್ರೇಟ್ ಸೌತ್ ರೋಡ್. ಈಗ ಅದೇ ರಸ್ತೆಯಲ್ಲಿ ನಮ್ಮವರೆಲ್ಲ ಅಕ್ಕಿ ಬೇಳೆ ತರುತ್ತಾರೆ, ಎಷ್ಟು ಜನಕ್ಕೆ ಗೊತ್ತೋ.

ಕುಮಟಾ ಕಡಲು

ಎಲ್ಲರೂ ರಾಜಕೀಯದ ಕೊಂಡಿ ಹುಡುಕುತ್ತಿದ್ದೀರಿ. ಗಟ್ಟಿ ಕೊಂಡಿ ಇರುವುದು ಹತ್ತಿಯಲ್ಲಿ. ಅದು ನಮ್ಮ ಊರಿನ ತನಕ ಬರುತ್ತದೆ.

ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದ್ದು. ಉತ್ತರದ ನೌಕಾಪಡೆ ಬಂದರುಗಳಿಗೆ ಬೀಗ ಹಾಕಿತು. ಇಂಗ್ಲೆಂಡಿನ ಬಟ್ಟೆ ಗಿರಣಿಗಳ ನಾಡು ಲಂಕಾಶೈರಿನಲ್ಲಿ ಗಿರಣಿ ನಿಂತು, 1862ರ ಕೊನೆಗೆ ಸುಮಾರು ಐದು ಲಕ್ಷ ಜನ ಗಂಜಿಕೇಂದ್ರ, ಧರ್ಮದ ದುಡ್ಡು ಅಂತ ಬದುಕುತ್ತಿದ್ದರು. ಕೆಲಸವಿಲ್ಲದ ಆ ನೇಕಾರರಿಗೆ ರಸ್ತೆ, ಚರಂಡಿ ಕೆಲಸ ಕೊಡಲು ಸಂಸತ್ತು ಕಾಯ್ದೆ ಮಾಡಿದ್ದೂ ಇದೇ 1863ರ ಜುಲೈನಲ್ಲಿ.

ಆಗ ಎಲ್ಲರ ಕಣ್ಣು ಈಜಿಪ್ಟ್ ಮೇಲೆ, ನಮ್ಮ ಮೇಲೆ. ಹತ್ತಿ ಬೆಲೆ ಮೂರು ನಾಲ್ಕು ಪಟ್ಟು ಏರಿತು. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿದ್ದರು. ಬೇರೆ ಕಡೆ ಸೋತ ಬೀಜ ಗದಗ, ಹುಬ್ಬಳ್ಳಿಯ ಎರೆಯಲ್ಲಿ ಚೆನ್ನಾಗಿ ಬಂತು. ಧಾರವಾಡದಲ್ಲಿ ಸರ್ಕಾರವೇ ಕಾರ್ಖಾನೆ ಇಟ್ಟು, ಹತ್ತಿಕಾಳು ಬಿಡಿಸುವ ಗರಗಸದ ಜಿನ್ನುಗಳನ್ನು ಮಾಡಿಸಿ ಕೊಡುತ್ತಿತ್ತು. ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಈ ಹತ್ತಿಗೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರು, ನಮ್ಮ ಜವಾರಿ ಹತ್ತಿಗೆ 'ಕುಮಟಾ' ಅಂತ ಹೆಸರು. ಕುಮಟೆಯಲ್ಲಿ ಒಂದು ಗಿಡ ಹತ್ತಿ ಬೆಳೆಯಲ್ಲ! ಎತ್ತಿನ ಮೇಲೆ, ಗಾಡಿಯಲ್ಲಿ ಘಟ್ಟ ಇಳಿದು ಬಂದ ಹತ್ತಿ ಅಂಡಿಗೆಗಳು (ಮೂಟೆಗಳು) ನಮ್ಮ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದವು, ಅಷ್ಟೇ.

ಇದೇ ಹತ್ತಿಯ ಆಸೆಗೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ದೊಡ್ಡ ಬಂದರು ಮಾಡಬೇಕು, ಧಾರವಾಡದ ಹತ್ತಿಗೆ ದಾರಿ ಬೇಕು ಅಂತ ವ್ಯಾಪಾರಿಗಳ ಒತ್ತಡ. ನಮ್ಮ ಜಿಲ್ಲೆ 1956ರ ತನಕ ಮುಂಬಯಿ ಕಡೆಯೇ ಉಳಿಯಿತು. ಅಮೆರಿಕದಲ್ಲಿ ಯುದ್ಧವಾಗಿ ಶಿರಸಿ, ಕುಮಟೆಯವರ ಕಚೇರಿ ಬದಲಾಯಿತು ಅಂದರೆ ನಂಬ್ತೀರಾ?

ಜುಲೈಗೆ ಬನ್ನಿ ಅಂದಿದ್ದಿರಿ, ಬರುತ್ತೇನೆ. ಜುಲೈ ಅಂದರೆ ನಮ್ಮಲ್ಲಿ ಜಡಿಮಳೆ, ಪಟಗಿನ ಓಡಾಟ ಬಂದ್. ಬಂದರಿನಲ್ಲಿ ಒಂದು ಅಂಡಿಗೆಯೂ ಅಲುಗಲ್ಲ. ಘಟ್ಟದ ಮೇಲೆ ಧಾರವಾಡದ ಕಡೆ ಹತ್ತಿ ಬಿತ್ತುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಯುರೋಪಿಗೂ ನಮಗೂ ತಂತಿ ಸಂಪರ್ಕ ಬಂದದ್ದು 1865ರಲ್ಲಿ. 1863ರಲ್ಲಿ ಲಂಡನ್ ಟಪಾಲು ಸೂಯೆಜ್ ದಾಟಿ ಮುಂಬಯಿಗೆ ಬರಲು ಹತ್ತಿರಹತ್ತಿರ ನಾಲ್ಕು ವಾರ. ಲೆಕ್ಕ ಹಾಕಿ: ವಿಕ್ಸ್‌ಬರ್ಗ್ ಬಿದ್ದ ಸುದ್ದಿ ಮುಂಬಯಿ ಪೇಟೆ ಮುಟ್ಟುವ ಹೊತ್ತಿಗೆ ಧಾರವಾಡದ ರೈತ ಕೂರಿಗೆ ಹಿಡಿದಿರುತ್ತಾನೆ. ಬೆಲೆ ಬೀಳುತ್ತೋ ಏಳುತ್ತೋ ತಿಳಿಯುವ ಮುಂಚೆ ಬೀಜ ನೆಲದಲ್ಲಿ.

ಎರೆಭೂಮಿ

ಇದಕ್ಕೇ ಕಾಯುತ್ತಿದ್ದೆ. ಆದರೆ ರೈತನಿಗೆ ಆ ದುಡ್ಡಿನಲ್ಲಿ ಎಷ್ಟು ಸಿಕ್ಕಿತು ಅನ್ನೋದೇ ನನ್ನ ತಕರಾರು. ಹತ್ತಿ ಏರಿತು, ಜೊತೆಗೆ ಜೋಳವೂ ಏರಿತು, ಕೂಲಿಯೂ ಏರಿತು. ಸಾಲ ಕೊಡುವ ಸಾಹುಕಾರ ಬೆಳೆ ಮೇಲೆ ಮುಂಗಡ ಕೊಟ್ಟು ಮೊದಲೇ ಹಿಡಿದಿಟ್ಟಿರುತ್ತಿದ್ದ. ಕಲಬೆರಕೆ ಎಷ್ಟು ಜೋರಾಯಿತು ಅಂದರೆ ಮುಂಬಯಿ ಸರ್ಕಾರ 1863ರಲ್ಲೇ ಹತ್ತಿ ಮೋಸದ ವಿರುದ್ಧ ಪ್ರತ್ಯೇಕ ಕಾಯ್ದೆ ತರಬೇಕಾಯಿತು. ಜವಾರಿ ಹತ್ತಿಯನ್ನು ವಿಲಾಯ್ತಿ ಹತ್ತಿಗೆ ಬೆರೆಸುವುದು, ತೂಕಕ್ಕೆ ಹತ್ತಿಕಾಳು, ಮಣ್ಣು ಸೇರಿಸುವುದು. ದೇವರೇ ಹತ್ತಿ ಕಳಿಸು, ಆದರೆ ಸೂರತ್ ಹತ್ತಿ (ಭಾರತದ ಹತ್ತಿಗೆ ಅಲ್ಲಿನ ಹೆಸರು) ಬೇಡ ಅಂತ ಲಂಕಾಶೈರಿನವರು ಪ್ರಾರ್ಥಿಸುತ್ತಿದ್ದರಂತೆ ಅನ್ನುವ ಕಥೆ ಸುಮ್ನೆ ಹುಟ್ಟಿಲ್ಲ.

ನಿಜವಾದ ಹಣ ನಿಂತದ್ದು ಮುಂಬಯಿಯಲ್ಲಿ. ಹತ್ತಿ, ಷೇರು ದಲ್ಲಾಳಿ ಪ್ರೇಮಚಂದ್ ರಾಯಚಂದ್ ಕಾಲದ ಷೇರು ಹುಚ್ಚು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು. 1865ರ ಏಪ್ರಿಲ್‌ನಲ್ಲಿ ಲೀ ಶರಣಾದ, ಹತ್ತಿ ಬೆಲೆ ಬಿತ್ತು. ವಾಯಿದೆ ವ್ಯಾಪಾರದ ಲೆಕ್ಕ ಚುಕ್ತಾ ಆಗಬೇಕಿದ್ದ ದಿನ ಅದೇ ವರ್ಷದ ಜುಲೈ 1. ಅವತ್ತು ಮುಂಬಯಿಯ ಅರ್ಧ ಸಾಹುಕಾರರು ದಿವಾಳಿ.

ನಿವೃತ್ತ ಮೇಷ್ಟ್ರು

ಪೂರ್ತಿ ಒಪ್ಪಲ್ಲ. ಸಾಹುಕಾರ ತಿಂದದ್ದು ನಿಜ, ಆದರೆ ಎರಡು ಮೂರು ವರ್ಷ ರೈತನ ಕೈಯಲ್ಲೂ ಬೆಳ್ಳಿ ಓಡಾಡಿದೆ. ಬೆಲೆ ಬಿದ್ದ ಮೇಲೂ ಹಳೇ ಬೆಲೆ ನಂಬಿ ಮಾಡಿದ ಸಾಲ ಉಳಿಯಿತು, ಕಷ್ಟ ಶುರುವಾದದ್ದು ಅಲ್ಲಿಂದ. 1875ರಲ್ಲಿ ಪುಣೆ, ಅಹ್ಮದ್‌ನಗರದ ಕಡೆ ರೈತರು ಸಾಹುಕಾರರ ಸಾಲಪತ್ರ ಸುಟ್ಟ ಗಲಭೆಗೆ ಹೇಳುವ ಕಾರಣಗಳಲ್ಲಿ ಇದೂ ಒಂದು.

ಸುಮ್ನೆ ಕೇಳ್ದೆ

ಎರಡು ಪ್ರಶ್ನೆ. ಮೈಸೂರಿನ ಕಡೆ ಆಗ ಏನು? ಆಮೇಲೆ ಆ ಅಲಬಾಮಾ ಹಡಗು ಕೊನೆಗೆ ವಯೋಮಿಂಗ್‌ಗೆ ಸಿಕ್ಕಿತಾ?

ನಿವೃತ್ತ ಮೇಷ್ಟ್ರು

ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1862ರಲ್ಲಿ ಬೌರಿಂಗ್ ಆ ಹುದ್ದೆಗೆ ಬಂದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯ ವಾಪಸ್ ಕೊಡಿ ಅಂತ ಪತ್ರ ಬರೆಯುತ್ತಲೇ ಇದ್ದರು. ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು ಮರುವರ್ಷ. ಹತ್ತಿಯ ಗದ್ದಲ ಅಲ್ಲಿ ಧಾರವಾಡದಷ್ಟು ಇರಲಿಲ್ಲ. ಹಡಗಿನದ್ದು ಕುಮಟೆಯವರು ಹೇಳಲಿ.

ಕುಮಟಾ ಕಡಲು

ಸಿಗಲಿಲ್ಲ. ವಯೋಮಿಂಗ್ ಜಪಾನಿನಲ್ಲಿ ಗುಂಡು ಹಾರಿಸುತ್ತಿದ್ದಾಗ ಅಲಬಾಮಾ ಇನ್ನೂ ಅಟ್ಲಾಂಟಿಕ್‌ನಲ್ಲಿತ್ತು, ಏಷ್ಯಾ ಕಡೆ ಬಂದೇ ಇರಲಿಲ್ಲ. ವರ್ಷದ ಕೊನೆಗೆ ಸಿಂಗಪುರಕ್ಕೆ ಬಂತು, ಅಲ್ಲಿಂದ ನಮ್ಮ ಕಡೆಗೇ. 1864ರ ಜನವರಿ 14ರಂದು ಮಲಬಾರ್ ಕರಾವಳಿಯ ಹತ್ತಿರ, ಮುಂಬಯಿಯಿಂದ ಹೊರಟಿದ್ದ 'ಎಮ್ಮಾ ಜೇನ್' ಅನ್ನುವ ಅಮೆರಿಕನ್ ಹಡಗನ್ನು ಹಿಡಿದು ಸುಟ್ಟಿತು. ಅದರಲ್ಲಿದ್ದವರನ್ನು ಈಗಿನ ಕೇರಳದ ಅಂಜೆಂಗೊದಲ್ಲಿ ಇಳಿಸಿ ಮುಂದೆ ಹೋಯಿತು. ಕೊನೆಗೆ ಅದೇ ವರ್ಷ ಜೂನ್ 19ರಂದು ಫ್ರಾನ್ಸಿನ ಶೆರ್ಬೂರ್ ಎದುರು 'ಕಿಯರ್‌ಸಾರ್ಜ್' ಅನ್ನುವ ಇನ್ನೊಂದು ನೌಕೆ ಅದನ್ನು ಮುಳುಗಿಸಿತು.

ಅದನ್ನು ಕಟ್ಟಿದ್ದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಹಾಗಾಗಿ ಯುದ್ಧ ಮುಗಿದ ಮೇಲೆ ಅಮೆರಿಕ ಬ್ರಿಟನ್ ಮೇಲೆ ನಷ್ಟದ ಲೆಕ್ಕ ಹಾಕಿತು. 1872ರಲ್ಲಿ ಜಿನೀವಾದ ಪಂಚರು 1 ಕೋಟಿ 55 ಲಕ್ಷ ಡಾಲರ್ ಕೊಡಿ ಅಂದರು. ಬ್ರಿಟನ್ ಕೊಟ್ಟಿತು. ದಾಳಿಯ ಭಯಕ್ಕೆ ಅಮೆರಿಕದ ಹಡಗಿನವರು ಎಷ್ಟೋ ಹಡಗುಗಳನ್ನು ಬ್ರಿಟಿಷರಿಗೆ ಮಾರಿಬಿಟ್ಟಿದ್ದರು. ಆ ವ್ಯಾಪಾರ ಮಾತ್ರ ತಿರುಗಿ ಬರಲಿಲ್ಲ.